ದಿನಕ್ಕೆ ಎರಡಾಣೆಯ ಲೆಕ್ಕ

ಪತ್ರ: ಸಂಪಾದಕರಿಗೆ ನಮಸ್ಕಾರ. ನನಗೆ 26 ವರ್ಷ. ಮೂರು ವರ್ಷ ಉಸ್ತಾದರ ಕೈಕೆಳಗೆ ಕಾಜಾ, ಗುಂಡಿ ಹಾಕಿ ಹೊಲಿಗೆ ಕಲಿತು ಈಗ ಸ್ವಂತ ಅಂಗಡಿ ಇಟ್ಟಿದ್ದೇನೆ. ಈ ಸಲ ಊರಿನ ಯುವಕ ಮಂಡಳಕ್ಕೆ ನನ್ನನ್ನೇ ಕಾರ್ಯದರ್ಶಿ ಮಾಡಿದ್ದಾರೆ. ಇಂಗ್ಲಿಷ್ ಕಲಿಯಬೇಕೆಂದು ಮೂರು ಸಲ ಶುರು ಮಾಡಿ ಬಿಟ್ಟೆ. ಅಂಗಡಿಯ ಲೆಕ್ಕ ಬರೆಯಲು ಒಂದು ನೋಟ್‌ಬುಕ್ ತಂದೆ, ಹನ್ನೊಂದು ದಿನಕ್ಕೆ ನಿಂತಿತು. ಹುಬ್ಬಳ್ಳಿಯಲ್ಲಿ ಎರಡು ದಿನದ ಯಶಸ್ಸಿನ ಶಿಬಿರಕ್ಕೂ ಹೋಗಿ ಬಂದೆ, ಉತ್ಸಾಹ ಒಂದು ವಾರ ಇತ್ತು. ಓದಾಗಲಿ, ವ್ಯಾಪಾರವಾಗಲಿ, ಮುಂದಾಳ್ತನವಾಗಲಿ, ಗೆಲ್ಲಲು ಹುಟ್ಟಾ ಪ್ರತಿಭೆಯೇ ಬೇಕು ಎಂದು ಈಗ ಅನಿಸುತ್ತಿದೆ. ನಿಮ್ಮ ಅಭಿಪ್ರಾಯವೇನು?
ಒಬ್ಬ ಓದುಗ, ರಾಣೆಬೆನ್ನೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥ ದುಂಡಗಿನ ಕೈಬರಹದ ಪತ್ರ ಕಚೇರಿಗೆ ಬಂದು ಬಹಳ ದಿನವಾಗಿತ್ತು. ಅಂಥ ಅಕ್ಷರ ಬರೆಯುವವರು ತಮ್ಮಲ್ಲಿ ಏನೂ ಇಲ್ಲ ಎಂದು ಕೂತರೆ ನನಗೆ ಸುಮ್ಮನಿರಲಾಗುವುದಿಲ್ಲ.

ಪ್ರತಿಭೆ ಎಂಬುದೇ ಇಲ್ಲ ಎಂದು ನಾನು ಹೇಳಲಾರೆ. ಕುಂಭಕೋಣದ ರಾಮಾನುಜನ್ ಅವರಿಗೆ ಒಲಿದ ಗಣಿತ ಎಲ್ಲರಿಗೂ ಒಲಿಯುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು, ಬೆನ್ನಿಗೆ ಮನೆಯವರು, ಗಟ್ಟಿ ಆರೋಗ್ಯ, ಇವೂ ಬೇಕು. ಒಪ್ಪಿದೆ. ಆದರೆ ನಿಮ್ಮ ಪತ್ರದಲ್ಲೇ ಇರುವ ಉತ್ತರವನ್ನು ನೀವು ನೋಡಿಲ್ಲ. ಕಾಜಾ ಹಾಕುವ ಕೈ ನಿಮಗೆ ಹುಟ್ಟುವಾಗಲೇ ಬಂದಿತ್ತೇ? ಮೊದಲ ತಿಂಗಳು ಉಸ್ತಾದರು ಎಷ್ಟು ಕಾಜಾ ಬಿಚ್ಚಿಸಿ ಮತ್ತೆ ಹಾಕಿಸಿದರು, ನೆನಪು ಮಾಡಿಕೊಳ್ಳಿ. ಮೂರು ವರ್ಷ ದಿನಾ ಹೋದಿರಿ, ದಿನಾ ಹಾಕಿದಿರಿ. ಹೊಲಿಗೆ ಬಂತು. ಇಂಗ್ಲಿಷಿನ ಹತ್ತಿರ ದಿನಾ ಹೋಗಲಿಲ್ಲ, ಅದು ಬರಲಿಲ್ಲ. ಇಷ್ಟಕ್ಕೆ ಪ್ರತಿಭೆಯನ್ನೇಕೆ ದೂರುತ್ತೀರಿ?

ನಾನು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಶಂಕರಪುರ ಮಲ್ಲಿಗೆಯ ಸೀಮೆಯಲ್ಲಿ. ಅಮ್ಮ ಬೆಳಕು ಹರಿಯುವ ಮುಂಚೆಯೇ ಗಿಡದ ಬುಡದಲ್ಲಿರುತ್ತಿದ್ದರು. ಮೊಗ್ಗು ಬಿರಿಯುವುದರೊಳಗೆ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಅಟ್ಟೆಗೆ ಒಳ್ಳೆಯ ದರ ಬರುತ್ತಿತ್ತು, ಆಷಾಢದ ಮಳೆಯಲ್ಲಿ ಗಿಡದಲ್ಲಿ ಹೂವೇ ಇರುತ್ತಿರಲಿಲ್ಲ. ದರ ಏರಲಿ ಇಳಿಯಲಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರ, ಅಂದರೆ ದಿನದಿನದ ಉಳಿತಾಯದ ದುಡ್ಡು ಒಯ್ಯಲು ಬರುವ ಬ್ಯಾಂಕಿನವರ, ಸೈಕಲ್ ಬೆಲ್ ಕೇಳಿಸಿದರೆ ಅಮ್ಮ ಒಳಗಿನ ಡಬ್ಬಿಯಿಂದ ಒಂದು ರೂಪಾಯಿ ತಂದು ಕೊಡುತ್ತಿದ್ದರು. ಅವರು ಹೆಗಲ ಚೀಲದಿಂದ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಸರಿಮಾಡಿ ರಸೀದಿ ಹರಿಯುತ್ತಿದ್ದರು. ಹೂವಿಲ್ಲದ ದಿನ ನಾನು ‘ಇವತ್ತು ಬಿಡಿ ಅಮ್ಮ’ ಅಂದರೆ, ‘ಇವತ್ತು ಬಿಟ್ಟರೆ ನಾಳೆ ಕೊಡಲಿಕ್ಕೆ ಮನಸ್ಸು ಬರುವುದಿಲ್ಲ ಮಗಾ’ ಅನ್ನುತ್ತಿದ್ದರು. ನನ್ನ ಪಿಯುಸಿಯ ಫೀಸು ಕಟ್ಟಿದ್ದು ಆ ಪುಸ್ತಕದ ದುಡ್ಡಿನಲ್ಲಿ.

ಈ ಪಿಗ್ಮಿಯನ್ನು ನೆನೆದಾಗಲೆಲ್ಲ ಅದನ್ನು ತಂದವರ ಮೇಲೆ ನನಗೆ ಗೌರವ ಹೆಚ್ಚುತ್ತದೆ. 1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಮೂವರೂ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ಕಟ್ಟಿದರು. ಕೈಮಗ್ಗ ನಂಬಿದ ನೇಕಾರರು ಕಂಗೆಟ್ಟಿದ್ದ ಕಾಲ ಅದು, ಅವರಿಗೆ ನೆರವಾಗಲೆಂದು ಹುಟ್ಟಿದ ಬ್ಯಾಂಕು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶವೆಲ್ಲ ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಬುಡದಲ್ಲಿ ಇದ್ದದ್ದು ಮೀನು, ಹೂವು, ತರಕಾರಿ ಮಾರುವವರ ಎರಡೆರಡು ಆಣೆ. ಆ ಎರಡಾಣೆಗಾಗಿ ಒಬ್ಬ ಮನುಷ್ಯ ಮಳೆಗಾಲದಲ್ಲೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ವ್ಯಾಪಾರದ ಬಗ್ಗೆ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಓದಿನ ಮಾತಿಗೆ ಬನ್ನಿ. ಕಿಟೆಲ್ ಎಂಬ ಜರ್ಮನ್ ಪಾದ್ರಿ 1853ರಲ್ಲಿ ಈ ನೆಲಕ್ಕೆ ಬಂದವರು. ಸುಮಾರು ಎಪ್ಪತ್ತು ಸಾವಿರ ಪದಗಳ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಸಾಹಿತ್ಯ ಪರಿಷತ್ತಿನ ನಿಘಂಟಿನ ಕತೆಯೂ ಹಾಗೆಯೇ. 1940ರ ದಶಕದಲ್ಲಿ ಕೈಹಚ್ಚಿದ ಕೆಲಸ, ಮೊದಲ ಸಂಪುಟ 1970ಕ್ಕೆ, ಎಂಟನೆಯದು 1995ಕ್ಕೆ. ಶಾಸನಗಳಿಂದ, ಹಳೆಯ ಕಾವ್ಯಗಳಿಂದ ಒಂದೊಂದೇ ಪದವನ್ನು ಹೆಕ್ಕಿ ಚೀಟಿಗೆ ಇಳಿಸುವ ಕೆಲಸ ಅದು. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಬಾಳಿನ ಬಹುಭಾಗವನ್ನೇ ಅದಕ್ಕೆ ತೆತ್ತರು. ಪದಗಳ ಪಿಗ್ಮಿ ಎಂದೇ ನಾನದನ್ನು ಕರೆಯುತ್ತೇನೆ.

ನೀವು ಶಿಬಿರಕ್ಕೆಂದು ಹೋದ ಅದೇ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ದನಿಯೇ ಬದಲಾಯಿತು. ಪ್ರತಿಭೆಯೊಂದನ್ನೇ ನಂಬಿದ್ದರೆ ಹಾಡು ಅಲ್ಲಿಗೇ ಮುಗಿಯಬೇಕಿತ್ತು. ಅವರು ಹೊಸ ದನಿಯನ್ನೇ ಸಾಧನೆಯಿಂದ ಪಳಗಿಸಿಕೊಂಡರು. ನಾಡು ಇಂದು ನೆನೆಯುವುದು ಆ ಗಡಸು ದನಿಯನ್ನೇ.

ಮುಂದಾಳ್ತನದ ಬಗ್ಗೆ ಕೇಳಿದ್ದೀರಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು ನೆನೆಯಿರಿ. ಸಾವಿರಾರು ಬಡಮಕ್ಕಳಿಗೆ ದಿನದ ಊಟ, ಪಾಠ ಎಂದರೆ ಸಣ್ಣ ಮಾತಲ್ಲ. ನಿನ್ನೆ ಉಂಡ ಮಗುವಿಗೆ ಇವತ್ತೂ ಹಸಿವಾಗುತ್ತದೆ. ಒಲೆ ಒಂದು ದಿನ ತಣ್ಣಗಿದ್ದರೆ ನಡೆಯುವುದಿಲ್ಲ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಊಟ ಆದ ಮೇಲೆಯೇ ಸುದ್ದಿ ತಿಳಿಸಬೇಕೆಂದು ಮೊದಲೇ ಹೇಳಿಟ್ಟಿದ್ದರೆಂದು ಪತ್ರಿಕೆಗಳಲ್ಲಿ ಓದಿದೆವು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನಮ್ಮ ಸುತ್ತ ನೋಡಿ. ಗುದ್ದಲಿಪೂಜೆಗೆ ಶಾಲು, ಹಾರ, ಫೋಟೋ. ಮೂರು ವರ್ಷ ಕಳೆದು ಹೋದರೆ ಅಲ್ಲಿ ಹೆಸರು ಕೆತ್ತಿದ ಕಲ್ಲು ಒಂದೇ ನಿಂತಿರುತ್ತದೆ. ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಪುಟ ತುಂಬ ರ್‍ಯಾಂಕ್ ಬಂದ ಮಕ್ಕಳ ಮುಖ. ಆ ಮಗು ಎರಡು ವರ್ಷ ಬೆಳಗಿನ ಜಾವ ಎದ್ದು ಕೂತದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ. ಶಾಲೆಗಳಲ್ಲಿ ಅಕ್ಷರ ದುಂಡಗಾಗಲೆಂದು ಕಾಪಿ ಬರೆಸುವುದು, ಮಗ್ಗಿ ಹೇಳಿಸುವುದು ಹಳೆಯ ಕಾಲದ್ದೆಂದು ಬಿಟ್ಟರು. ಮೂವತ್ತು ದಿನದಲ್ಲಿ ಇಂಗ್ಲಿಷ್, ಹದಿನೈದು ದಿನದಲ್ಲಿ ವ್ಯಕ್ತಿತ್ವ ಎಂಬ ಫಲಕ ಊರೂರಿನಲ್ಲೂ ಇದೆ. ನಿಮ್ಮಂಥ ಹುಡುಗರು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡನ್ನು ಅಲ್ಲಿ ಸುರಿದು, ವಾರದ ಉತ್ಸಾಹ ಇಳಿದ ಮೇಲೆ ತಪ್ಪು ತಮ್ಮದೇ, ತಲೆ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಇದು ನನಗೆ ಬಹಳ ನೋವಿನ ವಿಷಯ. ನಿಮ್ಮ ತಲೆಗೆ ಏನೂ ಆಗಿಲ್ಲ. ನಿಮಗೆ ಮಾರಿದ್ದು ಆರಂಭಶೂರತನವನ್ನು.

ನಿಮ್ಮ ಮೇಲೆ ಒಂದೇ ಆಕ್ಷೇಪ. ಹನ್ನೊಂದು ದಿನ ಲೆಕ್ಕ ಬರೆದವರು ಹನ್ನೆರಡನೆಯ ದಿನ ಯಾಕೆ ಬಿಟ್ಟಿರಿ ಎಂದು ನೀವು ಬರೆದಿಲ್ಲ. ಬಹುಶಃ ಹಬ್ಬವಿತ್ತು, ಗಿರಾಕಿ ಹೆಚ್ಚಿದ್ದರು. ಒಂದು ದಿನ ತಪ್ಪಿದ ಮೇಲೆ ಎಲ್ಲ ಕೆಟ್ಟಿತೆಂದು ಪುಸ್ತಕ ಮುಚ್ಚಿಟ್ಟಿರಿ. ಹೊಲಿಗೆಯಲ್ಲಿ ಒಂದು ಕಾಜಾ ಕೆಟ್ಟರೆ ಅಂಗಿಯನ್ನೇ ಬಿಸಾಡುತ್ತೀರಾ?

ಆ ನೋಟ್‌ಬುಕ್ ಇನ್ನೂ ಅಂಗಡಿಯಲ್ಲೇ ಇರಬೇಕು. ಹೊಸದನ್ನು ಕೊಳ್ಳಬೇಡಿ. ಇವತ್ತು ಬಾಗಿಲು ಹಾಕುವ ಮೊದಲು ಹನ್ನೆರಡನೆಯ ಹಾಳೆ ತೆಗೆದು ಇವತ್ತಿನ ತಾರೀಖು ಹಾಕಿ, ನೂಲು, ಗುಂಡಿ, ಕರೆಂಟು, ಬಂದ ಹೊಲಿಗೆ ಕೂಲಿ, ಇಷ್ಟನ್ನು ಬರೆಯಿರಿ. ಯುವಕ ಮಂಡಳದ ಸಭೆ ತಿಂಗಳ ಯಾವ ದಿನ ಎಂದು ಗೊತ್ತುಮಾಡಿ, ಇಬ್ಬರೇ ಬಂದರೂ ನಡೆಸಿ. ಯುಗಾದಿಯ ಹೊತ್ತಿಗೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದರಲ್ಲಿ ಪ್ರತಿಭೆಯ ಮಾತು ಬೇಡ. ನೋಟ್‌ಬುಕ್ಕಿನಲ್ಲಿ ಎಷ್ಟು ಹಾಳೆ ತುಂಬಿತು ಎಂದಷ್ಟೇ ತಿಳಿಸಿ.