ಸಮುದ್ರಕ್ಕೆ ಬಿದ್ದ ವಿಮಾನಗಳ ಲೆಕ್ಕ

ಮಾನ್ಯರೇ,

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಯ್ದ, ಗಂಡಸರೂ ಹೆಂಗಸರೂ ಕೂಡಿ ದುಡಿದ ವಿಮಾನ ವಿರೋಧಿ ಬ್ಯಾಟರಿಗಳನ್ನು, ಅಂದರೆ ತೋಪುಗಳ ತುಕಡಿಗಳನ್ನು, ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ವಸ್ತು ಚೆನ್ನಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಈಗಿರುವಂತೆ ಇದನ್ನು ಪ್ರಕಟಿಸಲಾರೆ.

"ವೀರವನಿತೆಯರು ತೋಪು ಸಿಡಿಸಿ ಶತ್ರುವನ್ನು ಧೂಳೀಪಟ ಮಾಡಿದರು" ಎಂದು ಆರಂಭಿಸಿದ್ದೀರಿ. ಇದು ತಪ್ಪು. 1941ರ ಆಗಸ್ಟ್‌ನಲ್ಲಿ ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಮೊದಲ ಮಿಶ್ರ ಬ್ಯಾಟರಿ ನೆಲೆಗೊಂಡಾಗಲೂ ಶೆಲ್ಲು ತುಂಬಿ ತೋಪು ಹಾರಿಸುವುದು ಗಂಡಸರ ಕೆಲಸವಾಗಿಯೇ ಉಳಿಯಿತು. ವಿಮಾನದ ಎತ್ತರ ಅಳೆಯುವುದು, ರೇಡಾರನ್ನೂ ಪ್ರೆಡಿಕ್ಟರ್ ಎಂಬ ಲೆಕ್ಕದ ಯಂತ್ರವನ್ನೂ ನಡೆಸುವುದು ಹೆಂಗಸರ ಪಾಲಿಗೆ ಬಂತು. ಅದು ಸಪ್ಪೆಯೆನಿಸಿ ನೀವು ಬಣ್ಣ ಬಳಿದಿರಬೇಕು. ಆದರೆ 3.7 ಇಂಚಿನ ತೋಪಿನ ಶೆಲ್ಲು ಎತ್ತರದಲ್ಲಿ ಹಾರುವ ವಿಮಾನವನ್ನು ಮುಟ್ಟಲು 20 ಸೆಕೆಂಡಿನಷ್ಟು ಬೇಕಾಗಬಹುದಿತ್ತು, ಅಷ್ಟರಲ್ಲಿ ಗಂಟೆಗೆ 400 ಕಿ.ಮೀ. ವೇಗದ ಬಾಂಬರು ಎರಡು ಕಿ.ಮೀ. ಮುಂದೆ ಹೋಗಿರುತ್ತಿತ್ತು ಎಂಬುದನ್ನು ಓದುಗನಿಗೆ ತಿಳಿಸಿ ನೋಡಿ, ವಿಮಾನ ಮುಂದೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕುವ ಆ ಯಂತ್ರದ ಮುಂದೆ ಕಣ್ಣು ಕದಲಿಸದೆ ನಿಂತವಳ ಬೆಲೆ ತಾನಾಗಿಯೇ ಗೊತ್ತಾಗುತ್ತದೆ. 1942ರ ಏಪ್ರಿಲ್ 17ರಂದು ನೋರಾ ಕ್ಯಾವೆನಿ ಎಂಬ 18 ವರ್ಷದ ಹುಡುಗಿ ಪ್ರೆಡಿಕ್ಟರಿನಲ್ಲಿ ವಿಮಾನವೊಂದನ್ನು ಹಿಂಬಾಲಿಸುತ್ತಿದ್ದಾಗಲೇ ಬಾಂಬಿನ ಚೂರು ತಗುಲಿ ಸತ್ತಳು. ಪಕ್ಕದವಳು ಆ ಜಾಗಕ್ಕೆ ಬಂದು ಕೆಲಸ ಮುಂದುವರಿಸಿದಳು. ಹಿಟ್ಲರನಿಗೆ ಒಂದೂವರೆ ಪುಟ ಕೊಟ್ಟ ನೀವು ಇವಳನ್ನು "ಪ್ರಾಣ ತೆತ್ತಳು" ಎಂಬ ಎರಡೇ ಪದಗಳಲ್ಲಿ ಮುಗಿಸಿದ್ದೀರಿ.

ಇನ್ನು ಬೀಳಿಸಿದ ವಿಮಾನಗಳ ಕೊನೆಯ ಪಟ್ಟಿ. ಕರಾವಳಿಯ ಬ್ಯಾಟರಿಗಳು ಕಡಿಮೆ ಶೆಲ್ಲುಗಳಲ್ಲಿ ಹೆಚ್ಚು ವಿಮಾನ ಉರುಳಿಸಿದವು, ಆದ್ದರಿಂದ ಅವೇ ಶ್ರೇಷ್ಠ ಎಂದು ತೀರ್ಪು ಕೊಟ್ಟಿದ್ದೀರಿ. ಇದೇ ಅಂಕಿ ಆ ಕಾಲದಲ್ಲೇ ಕೆಲವರ ತಲೆ ಕೆಡಿಸಿತ್ತು. 1940ರಲ್ಲಿ ಜನರಲ್ ಪೈಲ್ ಅವರ ವಿಮಾನ ವಿರೋಧಿ ಕಮಾಂಡಿಗೆ ಸಲಹೆಗಾರರಾಗಿ ಬಂದ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡ, ಒಂದು ವಿಮಾನಕ್ಕೆ ಒಳನಾಡಿನಲ್ಲಿ ತಗಲುವ ಶೆಲ್ಲುಗಳಲ್ಲಿ ಅರ್ಧದಷ್ಟೇ ಕರಾವಳಿಗೆ ಏಕೆ ಸಾಕಾಗುತ್ತದೆ ಎಂದು ಬಗೆಬಗೆಯ ಕಾರಣಗಳನ್ನು ಹುಡುಕಿತು. ಕೊನೆಗೆ ಸಿಕ್ಕ ಉತ್ತರಕ್ಕೆ ಯಾವ ಗಣಿತವೂ ಬೇಕಿರಲಿಲ್ಲ. ಒಳನಾಡಿನಲ್ಲಿ "ಬೀಳಿಸಿದೆವು" ಎಂದರೆ ಹೊಲದಲ್ಲಿ ಅವಶೇಷವನ್ನು ಹುಡುಕಿ ನೋಡಬಹುದಿತ್ತು. ಕರಾವಳಿಯವರು ಬೀಳಿಸಿದ್ದು ಸಮುದ್ರಕ್ಕೆ ಬಿದ್ದಿತೆಂದರೆ ಪರೀಕ್ಷಿಸುವವರು ಯಾರು? ಅವರು ಸುಳ್ಳು ಹೇಳಿದರೆಂದಲ್ಲ; ಹೊಗೆ ಕಾರುತ್ತಾ ಮರೆಯಾದ ವಿಮಾನ ಬಿದ್ದೇ ಬಿಟ್ಟಿತೆಂದು ನಂಬುವುದು ಮನುಷ್ಯಸಹಜ. ನೀವೂ ಹಾಗೆಯೇ ನಂಬಿದ್ದೀರಿ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ, ನೋರಾ ನಿಂತ ಜಾಗದಿಂದ ಆರಂಭಿಸಿ. ಪಟ್ಟಿಯ ಪ್ರತಿಯೊಂದು ವಿಮಾನದ ಮುಂದೆ ಅವಶೇಷ ಸಿಕ್ಕಿತೇ ಇಲ್ಲವೇ ಎಂದು ಗುರುತು ಹಾಕಿ, ಸಿಗದವುಗಳನ್ನು ಬೇರೆ ಮಾಡಿ. "ಧೂಳೀಪಟ" ಏಳು ಕಡೆ ಬಂದಿದೆ, ಏಳನ್ನೂ ಅಳಿಸಿ. ತಿದ್ದಿದ ಪ್ರತಿ ಬಂದರೆ ನಾನೇ ಓದುತ್ತೇನೆ.

ಇಂತಿ,
ಸಂಪಾದಕ