ಮುಟ್ಟು ನಿಂತ ಮೇಲೆ ಫ್ಯಾಟಿ ಲಿವರ್ ಏಕೆ?

ಪತ್ರ: ಮನೆಯಲ್ಲಿ ಇಬ್ಬರಿಗೂ ಒಂದೇ ಅಡುಗೆ. ಕೆಲವು ವರ್ಷಗಳ ಹಿಂದೆ ಯಜಮಾನರಿಗೆ ಫ್ಯಾಟಿ ಲಿವರ್ ಅಂದಾಗ ನನ್ನ ಸ್ಕ್ಯಾನಿಂಗ್ ಚೆನ್ನಾಗಿತ್ತು. ಮುಟ್ಟು ನಿಂತ ಮೇಲೆ ನನಗೂ ಬಂದಿದೆ. ಹೆದರಿ ಮೊಟ್ಟೆ ಬಿಟ್ಟಿದ್ದೇನೆ. ನಾನು ತಿಂದದ್ದರಲ್ಲಿ ಏನು ತಪ್ಪಾಯಿತು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ. ಇಷ್ಟು ವರ್ಷ ನಿಮ್ಮ ಯಕೃತ್ತನ್ನು ಕಾಯುತ್ತಿದ್ದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಈಗ ಇಳಿದಿದೆ. ಯಜಮಾನರಿಗೆ ಅಷ್ಟು ಕಾವಲು ಮೊದಲಿನಿಂದಲೂ ಇರಲಿಲ್ಲ.

ಅನ್ನ, ಸಕ್ಕರೆ ಅಗತ್ಯಕ್ಕಿಂತ ಹೆಚ್ಚಾದರೆ ಯಕೃತ್ತು ಅದನ್ನೇ ಕೊಬ್ಬು ಮಾಡಿಕೊಳ್ಳುತ್ತದೆ. ಮೈಯಲ್ಲಿ ಶೇಖರವಾದ ಕೊಬ್ಬು ಕರಗಿ ರಕ್ತದ ಮೂಲಕವೂ ಅಲ್ಲಿಗೆ ಬರುತ್ತದೆ. ಫ್ಯಾಟಿ ಲಿವರ್‌ನಲ್ಲಿ ದೊಡ್ಡ ಪಾಲು ಹೀಗೆ ಬಂದದ್ದೇ. ಈಸ್ಟ್ರೋಜನ್ ಈ ಕೊಬ್ಬನ್ನು ಹೊಟ್ಟೆಯೊಳಗೆ ಬಿಡದೆ ಸೊಂಟ, ತೊಡೆಗಳ ಚರ್ಮದಡಿ ಇರಿಸುತ್ತದೆ, ಯಕೃತ್ತಿನಲ್ಲಿ ಹೊಸ ಕೊಬ್ಬು ತಯಾರಾಗುವುದನ್ನೂ ತಗ್ಗಿಸುತ್ತದೆ. ಸ್ತನ ಕ್ಯಾನ್ಸರ್‌ಗೆ ಈಸ್ಟ್ರೋಜನ್ ತಡೆಯಲು ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯಿಂದ ಕೆಲವರಿಗೆ ಫ್ಯಾಟಿ ಲಿವರ್ ಬರುವುದುಂಟು.

ಇನ್ನು ನೀವು ಬಿಟ್ಟ ಮೊಟ್ಟೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಯಕೃತ್ತು ಕೊಬ್ಬನ್ನು ರಕ್ತಕ್ಕೆ ಸಾಗಹಾಕಲು ಕೋಲೀನ್ ಎಂಬ ಪೋಷಕಾಂಶ ಬೇಕು. ಅದಿಲ್ಲದಿದ್ದರೆ ಕೊಬ್ಬು ಅಲ್ಲೇ ಉಳಿಯುತ್ತದೆ. ಈಸ್ಟ್ರೋಜನ್ ಇರುವಾಗ ದೇಹ ಒಂದಿಷ್ಟನ್ನು ತಾನೇ ಹೆಚ್ಚಾಗಿ ತಯಾರಿಸಿಕೊಳ್ಳುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು 57 ಜನರಿಗೆ ಕೋಲೀನ್ ತೀರಾ ಕಡಿಮೆಯಿದ್ದ ಊಟ ಕೊಟ್ಟು ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಸರಲ್ಲಿ ಶೇ 77, ಮುಟ್ಟು ನಿಂತ ಹೆಂಗಸರಲ್ಲಿ ಶೇ 80 ಮಂದಿಗೆ ಯಕೃತ್ತಿನಲ್ಲಿ ಕೊಬ್ಬು ಸೇರಿತು ಇಲ್ಲವೇ ಸ್ನಾಯುಗಳಿಗೆ ಹಾನಿಯಾಯಿತು. ಮುಟ್ಟಾಗುತ್ತಿದ್ದವರಲ್ಲಿ ಶೇ 44 ಮಾತ್ರ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಕಾಣದು.

ಮೊಟ್ಟೆಯ ಹಳದಿ ಕೋಲೀನ್‌ನ ಒಳ್ಳೆಯ ಮೂಲ, ಸೋಯಾದಲ್ಲೂ ಇದೆ. ಅದು ಔಷಧವಲ್ಲ, ನಿಜ. ಆದರೆ ಯಕೃತ್ತಿಗೆ ಹೆದರಿ ಮೊಟ್ಟೆ ಬಿಡುವುದು ಬೇಡ. ಕಡಿಮೆ ಮಾಡಬೇಕಾದದ್ದು ಕಾಫಿಯ ಸಕ್ಕರೆ, ಬೇಕರಿ ತಿಂಡಿ, ತಟ್ಟೆಯ ಅರ್ಧ ಅನ್ನ. ತೂಕ ಹೆಚ್ಚಿದ್ದರೆ ನೂರಕ್ಕೆ ಐದರಷ್ಟು ಇಳಿದರೂ ಯಕೃತ್ತಿನ ಕೊಬ್ಬು ತಗ್ಗುತ್ತದೆ.

ಒಂದು ಮಾತನ್ನು ಮಾತ್ರ ಮುಂದೂಡಬೇಡಿ. ಮುಟ್ಟು ನಿಂತ ಮೇಲೆ ಯಕೃತ್ತು ಗಟ್ಟಿಯಾಗುವ ಅಪಾಯವೂ ಏರುತ್ತದೆ. ಕೊಬ್ಬಿನ ಜೊತೆಗೆ ಈ ಗಟ್ಟಿಯಾಗುವಿಕೆ, ಅಂದರೆ ಫೈಬ್ರೋಸಿಸ್, ಇದೆಯೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ, ಯಜಮಾನರನ್ನೂ ಜೊತೆಗೇ ಕರೆದುಕೊಂಡು ಹೋಗಿ.