ಮಲೆನಾಡಿನ ಬೆಟ್ಟಗಳಲ್ಲಿ ಜ್ವಾಲಾಮುಖಿ ಯಾಕಿಲ್ಲ? ಅದರ ಹೊಗೆ ಅಳೆದರೆ ಏನು ತಿಳಿಯುತ್ತದೆ?

"ಭೂಮಿಯ ಒಳಗೆಲ್ಲ ಮ್ಯಾಗ್ಮಾ ತುಂಬಿದೆ ಅಂತಾರೆ. ಹಾಗಿದ್ರೆ ಮಲೆನಾಡಿನ ಇಷ್ಟೊಂದು ಬೆಟ್ಟಗಳಲ್ಲಿ ಒಂದೂ ಯಾಕೆ ಬೆಂಕಿ ಉಗುಳಲ್ಲ? ಜ್ವಾಲಾಮುಖಿಯ ಹೊಗೆ ಅಳೆದು ವಿಜ್ಞಾನಿಗಳಿಗೆ ಏನು ಸಿಗುತ್ತೆ?" ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ನನಗೆ ತುಂಬಾ ಇಷ್ಟದ ಪ್ರಶ್ನೆ ಇದು.

ಒಳಗೆಲ್ಲ ಮ್ಯಾಗ್ಮಾ, ಅಂದರೆ ಕರಗಿದ ಬಂಡೆ, ತುಂಬಿಲ್ಲ. ಸುಮಾರು 2,900 ಕಿಲೋಮೀಟರ್ ಆಳದವರೆಗೂ ಇರುವುದು ಬಹುಪಾಲು ಗಟ್ಟಿ ಬಂಡೆಯೇ. ವಿಪರೀತ ಬಿಸಿ, ಆದರೂ ಕರಗಿಲ್ಲ. ಕುಕ್ಕರ್ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ ಅಲ್ವಾ, ಒತ್ತಡ ತಡೆದಿರುತ್ತದೆ. ಬಂಡೆಯ ಕಥೆಯೂ ಅದೇ. ಬಿಸಿ ಬಂಡೆ ಮೇಲಕ್ಕೆ ಬಂದು ಒತ್ತಡ ಇಳಿದರೆ ಅದರಲ್ಲಿ ಸ್ವಲ್ಪ ಭಾಗ ಕರಗುತ್ತದೆ. ಐಸ್‌ಲ್ಯಾಂಡಿನಲ್ಲಿ ಹೀಗೆ. ಇಲ್ಲವೇ ನೀರು ಸೇರಬೇಕು. ಜ್ವಾಲಾಮುಖಿ ಇರುವ ಅಂಡಮಾನಿನ ಬ್ಯಾರನ್ ದ್ವೀಪದ ಕೆಳಗೆ ಸಮುದ್ರದ ತಳವೇ ಭೂಮಿಯೊಳಗೆ ಇಳಿಯುತ್ತಿದೆ. ಅದು ಬಿಟ್ಟ ನೀರು ಮೇಲಿನ ಬಿಸಿ ಬಂಡೆಗೆ ಸೇರಿ, ಎಷ್ಟೋ ಕಡಿಮೆ ಶಾಖಕ್ಕೇ ಅದನ್ನು ಕರಗಿಸುತ್ತದೆ. ನಮ್ಮ ಮಲೆನಾಡಿನ ಕೆಳಗೆ ಈ ಎರಡೂ ನಡೆಯುತ್ತಿಲ್ಲ. ಇಲ್ಲಿರುವುದು ದಪ್ಪನೆಯ, ತಣ್ಣಗಾದ ಹಳೇ ನೆಲ.

ಇನ್ನು ಹೊಗೆಯ ವಿಷಯ. ಅದರಲ್ಲಿ ಜಾಸ್ತಿ ಇರುವುದು ನೀರಿನ ಆವಿ, ಆಮೇಲೆ ಕಾರ್ಬನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್. ಆಳದಲ್ಲಿ ಇವೆಲ್ಲ ಮ್ಯಾಗ್ಮಾದಲ್ಲೇ ಕರಗಿರುತ್ತವೆ. ಗೋಲಿ ಸೋಡಾದ ಗೋಲಿ ಒತ್ತುವವರೆಗೆ ಒಂದು ಗುಳ್ಳೆಯೂ ಕಾಣುವುದಿಲ್ಲ, ಒತ್ತಿದ ತಕ್ಷಣ ನೊರೆ ಉಕ್ಕಿ ಕೈಯೆಲ್ಲ ಒದ್ದೆ. ಮ್ಯಾಗ್ಮಾವನ್ನು ಸಿಡಿಸುವುದೂ ಈ ಗುಳ್ಳೆಗಳೇ. ಆದರೆ ಎಲ್ಲ ಅನಿಲವೂ ಒಂದೇ ಆಳದಲ್ಲಿ ಹೊರಬರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ತುಂಬಾ ಕೆಳಗೇ ಗುಳ್ಳೆಯಾಗುತ್ತದೆ, ಸಲ್ಫರ್ ಮೇಲೆ ಬಂದ ಮೇಲೆ. ಹಾಗಾಗಿ ಸಲ್ಫರ್‌ಗಿಂತ ಕಾರ್ಬನ್ ಪಾಲು ಏರತೊಡಗಿದರೆ ಆಳದಿಂದ ಹೊಸ ಮ್ಯಾಗ್ಮಾ ಬರುತ್ತಿರಬಹುದು ಅಂತ ಲೆಕ್ಕ. ಇಟಲಿಯ ಎಟ್ನಾದಲ್ಲಿ ಸ್ಫೋಟಕ್ಕೆ ಮೊದಲು ಇದು ಕಂಡಿದೆ.

ಫಿಲಿಪ್ಪೀನ್ಸಿನ ಪಿನಾಟುಬೊ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1991ರ ಮೇ 13ರಂದು ಅಲ್ಲಿ ದಿನಕ್ಕೆ ಸುಮಾರು 500 ಟನ್ ಸಲ್ಫರ್ ಡೈಆಕ್ಸೈಡ್ ಬರುತ್ತಿತ್ತು. ಎರಡೇ ವಾರದಲ್ಲಿ ಅದು 5,000 ಟನ್ ದಾಟಿತು. ಜೂನ್ ಮೊದಲಲ್ಲಿ ಒಮ್ಮೆಲೇ ಇಳಿಯಿತು. ಅಪಾಯ ಕಳೆಯಿತು ಅಂದುಕೊಳ್ಳುವ ಹಾಗಿತ್ತು. ಆದರೆ ಕುಕ್ಕರ್ ವಿಷಲ್‌ಗೆ ಅನ್ನದ ಅಗುಳು ಸಿಕ್ಕಿಕೊಂಡರೂ ಸದ್ದು ನಿಲ್ಲುತ್ತದೆ, ಅಲ್ವಾ? ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿದೆ ಅಂತ ವಿಜ್ಞಾನಿಗಳು ಅನುಮಾನಿಸಿದರು. ಜನರನ್ನು ದೂರ ಕಳಿಸಲಾಯಿತು. ಜೂನ್ 15ರಂದು ಬೆಟ್ಟದ ತುದಿಯೇ ಹೋಯಿತು. ಮೊದಲೇ ಹೊರಟಿದ್ದರಿಂದ ಸಾವಿರಾರು ಜೀವ ಉಳಿದವು.

ಮಲೆನಾಡಲ್ಲಿ ಜ್ವಾಲಾಮುಖಿಯೇ ಇರಲಿಲ್ಲ ಅಂತ ಮಾತ್ರ ತಿಳಿಯಬೇಡಿ. ಬಾಬಾಬುಡನ್‌ಗಿರಿ ಸಾಲಿನ ಸಾಂತವೇರಿ ಕಡೆ 250 ಕೋಟಿ ವರ್ಷಕ್ಕಿಂತ ಹಳೆಯ ಲಾವಾ ಬಂಡೆಗಳಿವೆ. ಆ ಕಡೆಯಿಂದ ತಂದ ಮುಷ್ಟಿಯಷ್ಟು ದೊಡ್ಡ ಕಲ್ಲೊಂದು ನನ್ನ ಮೇಜಿನ ಮೇಲಿದೆ. ಕಪ್ಪು ಹಸಿರು ಬಣ್ಣ, ಮೈತುಂಬಾ ಹುರುಳಿಕಾಳಿನಷ್ಟು ಬಿಳಿ ಚುಕ್ಕೆ. ಲಾವಾ ಆರುವಾಗ ಒಳಗೇ ಸಿಕ್ಕಿಬಿದ್ದ ಗುಳ್ಳೆಗಳು ಅವು, ಆಮೇಲೆ ಖನಿಜ ತುಂಬಿಕೊಂಡಿದೆ. ಲ್ಯಾಬಿನಲ್ಲಿ ಒಂದು ಹನಿ ಆಸಿಡ್ ಬಿಟ್ಟರೆ ಕೆಲವು ಚುಕ್ಕೆಗಳು ಸುಮ್ನೆ ಇರುತ್ತವೆ, ಅವು ಕ್ವಾರ್ಟ್ಜ್. ಕೆಲವು ಸುರ್ರನೆ ನೊರೆ ಬಿಡುತ್ತವೆ, ಅವು ಕ್ಯಾಲ್ಸೈಟ್. ಆ ಕಡೆ ಹೋದರೆ ಮಳೆ ನಿಂತ ಮೇಲೆ ರಸ್ತೆ ಪಕ್ಕದ ಬಂಡೆ ನೋಡಿ. ಒದ್ದೆ ಕಲ್ಲಿನ ಮೇಲೆ ಚುಕ್ಕೆಗಳು ಚೆನ್ನಾಗಿ ಎದ್ದು ಕಾಣುತ್ತವೆ.